ಹಾರುವ ಅಕ್ಕಿ

ಶಾಲೆಗೆ ಇನ್‌ಸ್ಪೆಕ್ಟರು ಬರುವರೆಂಬ ವರ್ತಮಾನ ಸಿಕ್ಕೊಡನೆ ಹಿಂದಿನ ದಿನವೇ ಅಂಗಳಕ್ಕೆ ಸೆಗಣಿನೀರು ಬೀಳುತ್ತಿದ್ದ ಕಾಲವೊಂದಿತ್ತು. ಬಾಗಿಲಿಗೆ ಮಾವಿನ ತೋರಣ, ಕರಿಹಲಗೆಗೆ ಹೊಸ ಮಸಿ, ಹುಡುಗರ ತಲೆಗೆ ಎಣ್ಣೆ, ಇಷ್ಟೂ ಸಿದ್ಧವಾದ ಮೇಲೆ ಮೇಷ್ಟರು ತರಗತಿಯ ಜಾಣ ಹುಡುಗನನ್ನು ಮುಂದಿನ ಸಾಲಿಗೆ ಕರೆತಂದು ಕೂರಿಸುವರು. ಮರುದಿನ ಸಾಹೇಬರು ಬಂದು, ಕುರ್ಚಿಯಲ್ಲಿ ಕುಳಿತು, "ಎಲ್ಲಿ, ಯಾರಾದರೂ ಒಬ್ಬ ಓದಲಿ" ಎಂದರೆ ಎದ್ದು ನಿಲ್ಲುವವನು ಅವನೇ. ಅವನು ಓದುವ ಪಾಠವೂ ಗೊತ್ತಾದದ್ದೇ. ಹದಿನೈದು ದಿನಗಳಿಂದ ಬೆರಳು ಬಿದ್ದು ಬಿದ್ದು ಆ ಹಾಳೆಯ ಅಂಚು ಮಾಸಿರುವುದು. ಸಾಹೇಬರು ತಲೆದೂಗುವರು, ಮೇಷ್ಟರು ಬೆವರೊರಸಿಕೊಳ್ಳುವರು. ಹಿಂದಿನ ಸಾಲಿನಲ್ಲಿ ಅಕ್ಷರದ ಗುರುತೇ ಇಲ್ಲದೆ ಕುಳಿತ ನಾಲ್ವರು ಹುಡುಗರು ಮಾತ್ರ, ಸದ್ಯ ತಮ್ಮನ್ನು ಯಾರೂ ಕೇಳಲಿಲ್ಲವಲ್ಲ ಎಂದು, ಎಲ್ಲರಿಗಿಂತ ನೀಳವಾಗಿ ಉಸಿರು ಬಿಡುವರು.

ಇದು ನಮ್ಮ ನಾಡಿನ ವಿಶೇಷವೇನೂ ಅಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ಒಂದು ನಿಯಮಾವಳಿಯನ್ನು ಜಾರಿಗೆ ತಂದನು. ಇನ್‌ಸ್ಪೆಕ್ಟರು ಪ್ರತಿ ಮಗುವನ್ನೂ ಓದು, ಬರೆಹ, ಲೆಕ್ಕಗಳಲ್ಲಿ ಪರೀಕ್ಷಿಸಬೇಕು. ಎಷ್ಟು ಮಕ್ಕಳು ತೇರ್ಗಡೆಯಾದರೋ ಅಷ್ಟಕ್ಕೆ ತಕ್ಕಂತೆ ಶಾಲೆಗೆ ಹಣ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ನಡೆದದ್ದೇನು? ಮಕ್ಕಳು ಓದುವ ಪುಸ್ತಕವನ್ನೇ ಇಡಿಯಾಗಿ ಬಾಯಿಪಾಠ ಮಾಡತೊಡಗಿದರು. 1851ರಿಂದ 1886ರವರೆಗೆ ಶಾಲಾ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಈ ಪದ್ಧತಿಯನ್ನು ತನ್ನ ವರದಿಗಳಲ್ಲಿ ಬಿಡದೆ ಖಂಡಿಸಿದನು. ಆದರೂ ಅದು ಪೂರ್ತಿಯಾಗಿ ತೊಲಗುವ ಹೊತ್ತಿಗೆ ಶತಮಾನವೇ ಮುಗಿಯುತ್ತ ಬಂದಿತ್ತು. ನೋಡಲು ಬಂದವನಿಗೆ ಹೆದರಿ ತೋರಿಸಿದ ಪಾಠವು ಪಾಠವೇ ಅಲ್ಲವೆಂಬುದು ಆ ಕವಿಗೆ ಕುರ್ಚಿಯ ಮೇಲೆ ಕುಳಿತೇ ಹೊಳೆದಿತ್ತು.

ಎಲ್ಲ ಅಧಿಕಾರಿಗಳೂ ಭಯಂಕರರಾಗಿರಲಿಲ್ಲವೆನ್ನಿ. ಧಾರವಾಡದ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರಿಗೆ ವಿದ್ಯಾಖಾತೆಯ ಹುದ್ದೆಯೇ ಹೆಸರಾಗಿ ಅಂಟಿಕೊಂಡು 'ಡೆಪ್ಯುಟಿ ಚನ್ನಬಸಪ್ಪ'ನವರೆಂದೇ ಇಂದಿಗೂ ಜನ ನೆನೆಯುತ್ತಾರೆ. ಅಂಥವರು ವಿರಳ. ಉಳಿದಂತೆ 'ತಪಾಸಣೆ' ಎಂಬ ಮಾತಿಗೆ ಇಂದಿಗೂ ಉಪಾಧ್ಯಾಯರ ಎದೆಯಲ್ಲಿ ಒಂದು ಸಣ್ಣ ನಡುಕವಿದೆ.

ಈಚಿನ ದಿನಗಳಲ್ಲಿ ಹತ್ತಾರು ಶಾಲೆಗಳಿಗೆ ಒಬ್ಬರಂತೆ ತರಗತಿಗಳನ್ನು ನೋಡಿಬರುವವರು ಬೇರೆ ಬಗೆಯವರು. 'ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ' ಎಂಬುದು ಕಾಗದದ ಮೇಲಿನ ಹೆಸರು, ಬಾಯಲ್ಲಿ ಸಿ.ಆರ್.ಪಿ. ಇವರು ಸಾಹೇಬರಲ್ಲ. ಸ್ವತಃ ಉಪಾಧ್ಯಾಯರೇ. ಕೆಲವು ವರ್ಷ ಈ ಕೆಲಸ ಮಾಡಿ ಮತ್ತೆ ಸೀಮೆಸುಣ್ಣ ಹಿಡಿಯಬೇಕಾದವರು. ಪಾಠವನ್ನು ನೋಡುವುದು, ನೋಡಿದ ಮೇಲೆ ಉಪಾಧ್ಯಾಯರೊಡನೆ ಕುಳಿತು ಮಾತನಾಡುವುದು ಇವರ ಕರ್ತವ್ಯ. ಆ ಮಾತಿಗೆ ಇಲಾಖೆಯವರು 'ಹಿಮ್ಮಾಹಿತಿ' ಎಂದು ಹೆಸರಿಟ್ಟಿದ್ದಾರೆ. ಪದವೇನೋ ಕೇಳಲು ಹಿಮದಂತೆ ತಣ್ಣಗಿದೆ. ಕೊಡುವಾಗ ಮತ್ತು ತೆಗೆದುಕೊಳ್ಳುವಾಗ ಇಬ್ಬರಿಗೂ ಬೆವರು ಬರುತ್ತದೆ.

ಒಂದು ದಿನದ ಇಂತಹ ಭೇಟಿಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬಹುದು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು, ದೇವಲಾಪುರ ಹೋಬಳಿ. ಮಂಡ್ಯವೆಂದೊಡನೆ ಕಾಲುವೆ, ಕಬ್ಬು, ಬತ್ತದ ಬಯಲು ನೆನಪಾಗುವುದು ಸಹಜ. ಇದು ಅದಲ್ಲ, ಮಳೆಯನ್ನೇ ನಂಬಿದ ರಾಗಿ, ಹುರುಳಿ, ತೆಂಗಿನ ಸೀಮೆ. ಅಲ್ಲಿಯ ಯಾವುದೋ ಒಂದು ಊರಿನ ಸರ್ಕಾರಿ ಶಾಲೆ. ಊರಿನ ಹೆಸರಾಗಲಿ ಉಪಾಧ್ಯಾಯಿನಿಯ ಹೆಸರಾಗಲಿ ಬೇಡ. ಹತ್ತು ಶಾಲೆಗಳಲ್ಲಿ ನಡೆಯುವುದನ್ನು ಒಂದು ಕೊಠಡಿಯಲ್ಲಿ ಕೂಡಿಸಿ ಹೇಳುವುದಷ್ಟೇ ಇಲ್ಲಿಯ ಉದ್ದೇಶ.

ಕೊಠಡಿಯಲ್ಲಿ ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳು ಒಟ್ಟಿಗೇ ಇದ್ದಾರೆ, ಇಪ್ಪತ್ತೆಂಟು ಮಂದಿ. ಬೆಂಚುಗಳಿಲ್ಲ, ಚಾಪೆಗಳ ಮೇಲೆ ಐದು ಗುಂಪುಗಳು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೇ ಕರಿಹಲಗೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರಗಳನ್ನು ತೂಗುಹಾಕಿದ್ದಾರೆ. ಅದಕ್ಕೆ 'ಚಪ್ಪರ'ವೆಂದು ಹೆಸರು. ಇದೇ 'ನಲಿ-ಕಲಿ'. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳಲ್ಲಿ ಮಕ್ಕಳು ಚೀಟಿಗಳನ್ನಿಟ್ಟುಕೊಂಡು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬಂದರು; ಯುನಿಸೆಫ್ ಸಂಸ್ಥೆಯ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿದರು. 2009ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಅದು ಹರಡಿತು. ಪುಸ್ತಕದ ಬದಲು ಕಾರ್ಡುಗಳು, ಪಾಠಗಳ ಬದಲು ಮೈಲಿಗಲ್ಲುಗಳು, ಯಾವ ಮಗು ಎಲ್ಲಿದೆಯೆಂದು ತಿಳಿಸಲು ಒಂದು ಕಲಿಕೆಯ ಏಣಿ. ಅಕ್ಷರಗಳೂ ಅ, ಆ, ಇ, ಈ ಎಂದು ಸಾಲಾಗಿ ಬರುವುದಿಲ್ಲ; ಮೊದಲು ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಅಂದೇ 'ಅರಸ' ಎಂದು ಓದಬಹುದು, 'ಗರಗಸ' ಎಂದು ಓದಬಹುದು. ಐವತ್ತು ಅಕ್ಷರ ತಿದ್ದಿ ಮುಗಿಸುವವರೆಗೆ ಒಂದು ಪದವನ್ನೂ ಕಾಣದಿದ್ದ ಹಳೆಯ ಮರಳಿನ ತಟ್ಟೆಯ ಕಾಲದವರು ಇದನ್ನು ಮೆಚ್ಚದೆ ಇರಲಾರರು.

ಐದು ಗುಂಪುಗಳಲ್ಲಿ ಒಂದು ಮಾತ್ರ ಉಪಾಧ್ಯಾಯಿನಿಯ ಪೂರ್ಣ ಸಹಾಯದ ಗುಂಪು. ಉಳಿದವುಗಳಲ್ಲಿ ಗೆಳೆಯರಿಂದ ಕಲಿಯುವವರು, ತಮ್ಮಷ್ಟಕ್ಕೆ ತಾವೇ ಕಲಿಯುವವರು ಮುಂತಾಗಿ. ಎಲ್ಲ ಸರಿಯಾಗಿ ನಡೆದರೆ ಆ ಒಂದು ಚಾಪೆಯ ಮೇಲೆ ಐದಾರು ಮಕ್ಕಳಿಗೆ ಉಪಾಧ್ಯಾಯಿನಿ ಸಂಪೂರ್ಣವಾಗಿ ದೊರೆಯುತ್ತಾಳೆ, ಇಪ್ಪತ್ತು ನಿಮಿಷ. ನಮ್ಮ ಶಾಲೆಗಳಲ್ಲಿ ಇದಕ್ಕಿಂತ ಬೆಲೆಯುಳ್ಳ ಇಪ್ಪತ್ತು ನಿಮಿಷಗಳು ಬೇರೆ ಇಲ್ಲ.

ಸಿ.ಆರ್.ಪಿ. ಬಂದು ಕುರ್ಚಿಯನ್ನು ಬಿಟ್ಟು ಅದೇ ಚಾಪೆಯ ಅಂಚಿನಲ್ಲಿ ಕುಳಿತರು. ಅವರ ಚೀಲದಲ್ಲಿ ತುಂಬಬೇಕಾದ ನಮೂನೆಯೊಂದಿದೆ: ಏಣಿ ಇದೆಯೆ, ಹೌದು, ಚಪ್ಪರ ಇದೆಯೆ, ಹೌದು, ಪ್ರಗತಿನೋಟ ತುಂಬಿದೆಯೆ, ಹೌದು. ಅದನ್ನು ತುಂಬಲು ಮಕ್ಕಳ ಕಡೆ ತಿರುಗಿ ನೋಡಬೇಕಾದ ಅಗತ್ಯವೇ ಇಲ್ಲ. ಅದನ್ನು ಅಲ್ಲಿಯೇ ಬಿಟ್ಟು ಒಂದು ಬಿಳಿಯ ಹಾಳೆ ಮತ್ತು ಪೆನ್ಸಿಲನ್ನು ತೆಗೆದರು. ಮಕ್ಕಳು ಮೂರು ನಿಮಿಷ ಅವರನ್ನೇ ಮಿಕಮಿಕ ನೋಡಿ, ಆಮೇಲೆ ಮರೆತರು.

ಮಕ್ಕಳ ಕೈಯಲ್ಲಿ ಒತ್ತಕ್ಷರದ ಒಂದು ಕಾರ್ಡು. ಅದರಲ್ಲಿ ಇಷ್ಟಿತ್ತೆನ್ನಿ: 'ಹಕ್ಕಿ ಹಾರುತ್ತದೆ. ಹಕ್ಕಿ ಹಣ್ಣು ತಿನ್ನುತ್ತದೆ. ಹಣ್ಣು ಹುಳಿ. ಹಕ್ಕಿ ಹಣ್ಣನ್ನು ಬಿಟ್ಟು ಹೋಯಿತು.' ಒಟ್ಟು ಹನ್ನೊಂದು ಪದಗಳು. ಐದು ಮಕ್ಕಳು ಒಬ್ಬರಾದ ಮೇಲೊಬ್ಬರು ಓದಬೇಕು.

ಎರಡನೆಯವಳಾಗಿ ಓದಿದ ಹುಡುಗಿ ಬೆರಳನ್ನು ಅಕ್ಷರದ ಕೆಳಗೆ ಇಟ್ಟು, ಒಂದೊಂದನ್ನೇ ತಳ್ಳುತ್ತ ಹೊರಟಳು. "ಅಕ್ಕಿ... ಆರು... ಆರುತ್ತದೆ."

"ಅಕ್ಕಿ ಅಲ್ಲ, ಹಕ್ಕಿ. ಹ, ಹ. ಹೇಳು" ಎಂದರು ಉಪಾಧ್ಯಾಯಿನಿ.

"ಅಕ್ಕಿ."

"ಹಕ್ಕಿ! ಮುಂದೆ ಓದು."

"ಅಕ್ಕಿ ಅಣ್ಣು... ತಿನು... ತಿನ್ನುತ್ತದೆ."

"ಅಣ್ಣು ಅಲ್ಲ ಕಣೇ, ಹಣ್ಣು!"

ಮೂರನೆಯ ವಾಕ್ಯದಲ್ಲಿ ಹಣ್ಣು ಮತ್ತೆ 'ಅಣ್ಣು' ಆಯಿತು, ಹುಳಿ 'ಉಳಿ' ಆಯಿತು. ಇನ್ನೆರಡು ಸಲ ತಿದ್ದುಪಡಿ ಬಿತ್ತು. ಹುಡುಗಿಯ ಬೆರಳು ಕಾರ್ಡಿನಿಂದ ಮೇಲೆದ್ದು ಲಂಗದ ಅಂಚನ್ನು ಹಿಡಿಯಿತು. ಕೊನೆಯ ವಾಕ್ಯವನ್ನು ಅವಳು ಓದಲಿಲ್ಲ. "ಸರಿ, ಮುಂದಿನವರು" ಎಂದಾಯಿತು.

ಐದನೆಯವನು ಒಬ್ಬ ಹುಡುಗ. ಹಕ್ಕಿಯೆಂದರೆ ಹಕ್ಕಿ, ಹಣ್ಣೆಂದರೆ ಹಣ್ಣು. ಎಲ್ಲಿಯೂ ತಡೆಯದೆ ಹನ್ನೊಂದು ಪದಗಳನ್ನೂ ಹರಿಸಿಬಿಟ್ಟನು. "ಶಾಭಾಸ್! ಎಲ್ಲರೂ ಚಪ್ಪಾಳೆ ತಟ್ಟಿ" ಎಂದರು ಉಪಾಧ್ಯಾಯಿನಿ. ಚಪ್ಪಾಳೆಯೂ ಬಿತ್ತು. ಬಿಳಿಯ ಹಾಳೆಯ ಮೇಲೆ ಮಾತ್ರ ಪೆನ್ಸಿಲು ಬೇರೊಂದನ್ನು ಬರೆದಿತ್ತು: 'ಕಣ್ಣು ಮೇಡಂ ಮುಖದ ಮೇಲೆ. ಬಾಯಿ "ಹೋಯಿತು" ಎಂದಾಗ ಬೆರಳು ಎರಡನೆಯ ಸಾಲಿನಲ್ಲಿ.'

ಉಪಾಧ್ಯಾಯಿನಿ ಬೇರೆ ಗುಂಪಿನ ಜಗಳ ಬಿಡಿಸಲು ಎದ್ದುಹೋದಾಗ ಸಿ.ಆರ್.ಪಿ. ಆಟದಂತೆ ಆ ಹುಡುಗನಿಗೆ ಕೊನೆಯ ಸಾಲನ್ನು ತೋರಿಸಿ, "ಇದನ್ನು ಮೊದಲು ಓದು ಮರಿ" ಎಂದರು. ಹುಡುಗ ಧೈರ್ಯವಾಗಿ "ಹಕ್ಕಿ ಹಾರುತ್ತದೆ" ಎಂದನು. ನಾಲ್ವರು ಓದಿದ್ದನ್ನು ಕೇಳಿ ಕಿವಿಯಿಂದ ಕಲಿತಿದ್ದನು. ಪಾಪ, ಅವನ ಕಿವಿ ಅಷ್ಟು ಚುರುಕು. ಓದುತ್ತಿದ್ದವಳು ಸುಮ್ಮನಾಗಿದ್ದಳು, ಓದಲು ಬಾರದವನಿಗೆ ಚಪ್ಪಾಳೆ ಬಿದ್ದಿತ್ತು.

ಕಿವಿಗೊಟ್ಟು ಪೆನ್ಸಿಲಿನಿಂದ ಹೀಗೆ ಬರೆದುಕೊಳ್ಳುವುದಕ್ಕೆ ಒಂದು ಹಿನ್ನೆಲೆಯಿದೆ. ನ್ಯೂಜಿಲೆಂಡಿನ ಮೇರಿ ಕ್ಲೇ ಎಂಬ ವಿದುಷಿ 1960ರ ದಶಕದಲ್ಲಿ ಆಕ್ಲೆಂಡ್ ನಗರದ ನೂರು ಮಕ್ಕಳು ಶಾಲೆಗೆ ಸೇರಿದ ಮೊದಲ ವರ್ಷ ಹೇಗೆ ಓದುತ್ತಾರೆಂಬುದನ್ನು ವಾರವಾರವೂ ಕುಳಿತು ನೋಡಿದಳು. ಅವಳ ಉಪಕರಣವೆಂದರೆ ಕಾಗದ ಮತ್ತು ಪೆನ್ಸಿಲು. ಮಗು ಸರಿಯಾಗಿ ಓದಿದ ಪ್ರತಿ ಪದಕ್ಕೂ ಒಂದು ಗೀಟು. ತಪ್ಪಿದರೆ ಏನೆಂದು ಓದಿತೋ ಅದೇ ರೂಪದಲ್ಲಿ ಬರೆಹ. ತಪ್ಪಿ, ತಾನೇ ಹಿಂದಿರುಗಿ ತಿದ್ದಿಕೊಂಡರೆ ಅದಕ್ಕೆ ಬೇರೆ ಗುರುತು. ನೂರು ಪದಗಳಲ್ಲಿ ಹತ್ತಕ್ಕಿಂತ ಹೆಚ್ಚು ತಪ್ಪಿದರೆ ಆ ಪಾಠವೇ ಆ ಮಗುವಿಗೆ ಭಾರವೆಂದು ಎಣಿಕೆ. ತಾನೇ ತಿದ್ದಿಕೊಂಡದ್ದಕ್ಕೆ ಅವಳು ಕೊಟ್ಟ ಬೆಲೆ ದೊಡ್ಡದು. ಹುಡುಗಿ 'ತಿನು' ಎಂದು ತಡೆದು 'ತಿನ್ನುತ್ತದೆ' ಎಂದಳಲ್ಲ, ಆ ಕ್ಷಣದಲ್ಲಿ ನ-ಕಾರದ ಒತ್ತು ಅವಳ ಕಣ್ಣಿಗೆ ಬಿತ್ತು, ಮಾತಿನ ಅರ್ಥವೂ ಸರಿಯಾಗಿ ಕೂಡಿತು. ಓದು ಎಂದರೆ ಅದೇ. ಆ ಅರ್ಧ ನಿಮಿಷದಲ್ಲಿ ಆ ಚಾಪೆಯ ಮೇಲೆ ನಡೆದ ಅತಿ ದೊಡ್ಡ ಸಂಗತಿಯೂ ಅದೇ. ತಿದ್ದುಪಡಿಗಳ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮಧ್ಯಾಹ್ನದ ಊಟದ ಹೊತ್ತು. ಮಕ್ಕಳು ತಟ್ಟೆ ಹಿಡಿದು ಸಾಲು ನಿಂತಿದ್ದಾರೆ. ಜಗುಲಿಯ ಮೇಲೆ ಉಪಾಧ್ಯಾಯಿನಿ ಭೇಟಿಯ ಪುಸ್ತಕವನ್ನು ತೆರೆದಿಟ್ಟು ನಿಂತರು. ಅದರ ಹಿಂದಿನ ಪುಟಗಳಲ್ಲಿ ಒಂದೇ ಬಗೆಯ ಬರೆಹ: 'ಕಲಿಕೆ ಉತ್ತಮವಾಗಿದೆ. ಇನ್ನೂ ಸುಧಾರಿಸಬೇಕು.' ಈ ಎರಡು ವಾಕ್ಯಗಳನ್ನು ಜಗತ್ತಿನ ಯಾವ ಶಾಲೆಯ ಬಗ್ಗೆಯೂ, ಒಳಗೆ ಕಾಲಿಡದೆಯೇ ಬರೆಯಬಹುದು. ಇಪ್ಪತ್ತು ವರ್ಷ ಸೇವೆ ಮಾಡಿದ ಉಪಾಧ್ಯಾಯಿನಿ ಅವನ್ನು ಓದಿ ಮಾರನೆಯ ದಿನ ಏನು ಮಾಡಬೇಕು? ಯಾವುದು ಉತ್ತಮ, ಯಾವುದನ್ನು ಸುಧಾರಿಸಬೇಕು?

"ಕೂತ್ಕೊಳ್ಳಿ ಮೇಡಂ, ಪುಸ್ತಕ ಆಮೇಲೆ ಬರೆಯೋಣ" ಎಂದರು ಸಿ.ಆರ್.ಪಿ. ವಯಸ್ಸಿನಲ್ಲಿ ಅವರೇ ಕಿರಿಯರು. "ಆ ಎರಡನೇ ಹುಡುಗಿ ಎಲ್ಲಿ ನಿಂತಳು, ಗಮನಿಸಿದಿರಾ?"

"ಹಕ್ಕಿ ಹತ್ತಿರಾನೇ ಸಾರ್. ಅವಳಿಗೆ ಹ-ಕಾರಾನೇ ಬರೋದಿಲ್ಲ. ಮನೇಲಿ ಯಾರಿಗೂ ಬರೋದಿಲ್ಲ."

ಸಿ.ಆರ್.ಪಿ. ಹಾಳೆಯನ್ನು ಮುಂದಿಟ್ಟರು. ಗೀಟುಗಳು, ನಡುವೆ ಬರೆದ 'ಅಕ್ಕಿ', 'ಅಣ್ಣು', 'ತಿನು' ಮತ್ತು ಅದರ ಪಕ್ಕದಲ್ಲಿ 'ತಾನೇ ತಿದ್ದಿಕೊಂಡಳು'. "ಒತ್ತಕ್ಷರ ಎಲ್ಲಾ ಸರಿಯಾಗಿ ಓದಿದಾಳೆ, ನೋಡಿ. ಹ ಒಂದು ಬಿಟ್ಟರೆ ಒಂದೂ ತಪ್ಪಿಲ್ಲ. ಮೂರು ವಾಕ್ಯದಲ್ಲಿ ಐದು ಸಲ ತಿದ್ದಿಸಿಕೊಂಡಳು, ನಾಲ್ಕನೇದನ್ನ ಓದಲೇ ಇಲ್ಲ."

ಉಪಾಧ್ಯಾಯಿನಿಯ ಮುಖ ಬಿಗಿಯಿತು. "ಹಂಗಾದ್ರೆ ಉಚ್ಚಾರಣೆ ತಿದ್ದಬೇಡ ಅಂತೀರಾ? ನಾಳೆ ಇನ್ನೊಬ್ಬರು ಬರ್ತಾರೆ. ಮಕ್ಕಳಿಗೆ ಹ-ಕಾರ, ಅ-ಕಾರದ ಭೇದವೇ ತಿಳಿಯದು ಅಂತ ಇದೇ ಪುಸ್ತಕದಲ್ಲಿ ಬರೀತಾರೆ. ಆವಾಗ ನೀವು ಇರ್ತೀರಾ ಸಾರ್? ಬರೆಯೋದಕ್ಕೆ ಕೊಟ್ಟರೆ ಹಕ್ಕಿ ಚಿತ್ರದ ಕೆಳಗೆ ಅಕ್ಕಿ ಅಂತ ಬರೀತವೆ."

ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲವೆಂಬುದನ್ನು ಒಪ್ಪಬೇಕು. ಹಳ್ಳಿಯ ಮಗುವಿನ ನಾಲಗೆಯನ್ನು ಗೌರವಿಸಬೇಕೆಂದು ಪಟ್ಟಣದ ಸಭೆಗಳಲ್ಲಿ ಭಾಷಣ ಮಾಡುವುದು ಒಂದು. ಅದೇ ಮಗು ನಾಳೆ ಪರೀಕ್ಷೆಯಲ್ಲಿ 'ಅಕ್ಕಿ' ಎಂದು ಬರೆದು ಅಂಕ ಕಳೆದುಕೊಂಡಾಗ ಹೊಣೆ ಹೊರುವುದು ಇನ್ನೊಂದು. ಸಿ.ಆರ್.ಪಿ. ವಾದಕ್ಕೆ ಹೋಗಲಿಲ್ಲ. "ಅದೂ ನಿಜ ಮೇಡಂ. ಅವಳನ್ನೇ ಒಂದು ಮಾತು ಕೇಳೋಣ" ಎಂದರು.

ಊಟ ಮುಗಿಸಿ ಕೈತೊಳೆದು ಬಂದ ಹುಡುಗಿಗೆ ಕಾರ್ಡು ತೋರಿಸಿ ಉಪಾಧ್ಯಾಯಿನಿಯೇ ಕೇಳಿದರು: "ಈ ಅಕ್ಕಿ ಅನ್ನ ಮಾಡೋದೋ, ಹಾರೋದೋ?"

ಹುಡುಗಿ ಕಿಸಕ್ಕನೆ ನಕ್ಕಳು. "ಆರೋದು ಮಿಸ್!" ಎಂದು ಎರಡು ಕೈಗಳನ್ನೂ ಬಡಿದು ತೋರಿಸಿದಳು.

"ಅನ್ನದ ಅಕ್ಕಿಗೆ ಮೊದಲು ಯಾವ ಅಕ್ಷರ? ಗೋಡೆ ಮೇಲೆ ತೋರಿಸು."

ಹುಡುಗಿ ಹೋಗಿ 'ಅ'ದ ಮೇಲೆ ಬೆರಳಿಟ್ಟಳು. ಹಾರುವ ಅಕ್ಕಿಗೆ? ಸ್ವಲ್ಪ ಹುಡುಕಿ 'ಹ'ದ ಮೇಲೆ ಇಟ್ಟಳು. ಕಣ್ಣಿಗೆ ಭೇದ ತಿಳಿದಿದೆ; ನಾಲಗೆಗೆ ಮಾತ್ರ ಆ ಅಭ್ಯಾಸವಿಲ್ಲ. ಉಪಾಧ್ಯಾಯಿನಿ ಏನೂ ಹೇಳದೆ ಬಿಳಿಯ ಹಾಳೆಯನ್ನು ಮತ್ತೊಮ್ಮೆ ಎತ್ತಿಕೊಂಡು ನೋಡಿದರು.

ಹ-ಕಾರದ ಈ ಕಥೆ ದೊಡ್ಡದು. ಹಳಗನ್ನಡದಲ್ಲಿ ಹಾಲು 'ಪಾಲ್' ಆಗಿತ್ತು, ಹಕ್ಕಿ 'ಪಕ್ಕಿ' ಆಗಿತ್ತು, ಹಣ್ಣು 'ಪಣ್' ಆಗಿತ್ತು. ಸಾವಿರ ವರ್ಷದ ಹಿಂದಿನಿಂದ ಮೊದಲ್ಗೊಂಡು ಕೆಲವು ಶತಮಾನಗಳಲ್ಲಿ ಆ ಪ-ಕಾರವು ಸವೆದು ಹ-ಕಾರವಾಯಿತು. ಅಂದಿನ ಯಾರೋ ಮೇಷ್ಟರು 'ಹಾಲು' ಎಂದ ಹುಡುಗನಿಗೆ "ಪಾಲ್ ಅನ್ನೋ ದಡ್ಡ" ಎಂದು ಗದರಿರಲೂಬಹುದು. ಮೈಸೂರು, ಮಂಡ್ಯದ ಹಳ್ಳಿಗಾಡಿನಲ್ಲಿ ಅದೇ ಹ-ಕಾರವು ಇನ್ನೊಂದು ಹೆಜ್ಜೆ ಸವೆದು ಇಲ್ಲದೇ ಹೋಗಿದೆ. ಹುಡುಗಿ ಕನ್ನಡ ತಪ್ಪುತ್ತಿಲ್ಲ. ಕನ್ನಡ ಹೊರಟ ದಾರಿಯಲ್ಲೇ ಒಂದು ಮಜಲು ಮುಂದೆ ನಿಂತಿದ್ದಾಳೆ. ಇದೇ ನಾಗಮಂಗಲ ತಾಲ್ಲೂಕಿನ ಬೆಳ್ಳೂರು, 'ಕನ್ನಡದ ಕಣ್ವ'ರೆನಿಸಿದ ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರದ ಊರು. ಅವರ ಸೀಮೆಯ ಮಾತು ಕನ್ನಡವಲ್ಲದೆ ಮತ್ತೇನು?

ಆದರೂ ಬರೆಹದಲ್ಲಿ ಹಕ್ಕಿ ಬೇರೆ, ಅಕ್ಕಿ ಬೇರೆ. ಅದನ್ನು ಕಲಿಸಲೇಬೇಕು. ಯಾವಾಗ ಎಂಬುದೇ ಪ್ರಶ್ನೆ. ಮಗು ಓದಿನ ಏರನ್ನು ಹತ್ತುತ್ತಿರುವಾಗ ಕಾಲು ಹಿಡಿದೆಳೆಯುವುದೋ, ಹತ್ತಿ ನಿಂತ ಮೇಲೆ ಕಾಲಿನ ಮುಳ್ಳು ತೆಗೆಯುವುದೋ? ಜಗುಲಿಯ ಮೇಲೆ ಇಬ್ಬರೂ ಕೂಡಿ ಬಂದ ಒಪ್ಪಂದ ಇಷ್ಟೇ: ಓದುವಾಗ ನಡುವೆ ಹ-ಕಾರವನ್ನು ತಿದ್ದುವುದಿಲ್ಲ, ಅನುಮಾನ ಬಂದರೆ ಅರ್ಥವನ್ನು ಕೇಳುವುದು. ಓದು ಮುಗಿದ ಮೇಲೆ ಗೋಡೆಯ ಹಲಗೆಯ ಬಳಿ ಹಕ್ಕಿ-ಅಕ್ಕಿ, ಹಾರು-ಆರು, ಹುಳಿ-ಉಳಿ ಎಂದು ಜೋಡಿ ಪದಗಳ ಆಟ. ಈ ಆಟವನ್ನು ಹೇಳಿದ್ದು ಸಿ.ಆರ್.ಪಿ. ಅಲ್ಲ, ಉಪಾಧ್ಯಾಯಿನಿಯೇ. ಭೇಟಿಯ ಪುಸ್ತಕದಲ್ಲಿ ಬರೆದದ್ದೂ ಅದನ್ನೇ, ಒಂದೇ ವಾಕ್ಯ. ನಾಳೆ ಇನ್ನೊಬ್ಬರು ಬಂದರೆ ತೋರಿಸಲಿಕ್ಕೂ ಆಯಿತು.

ಚುರುಕು ಕಿವಿಯ ಹುಡುಗನ ವಿಷಯ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಚಪ್ಪಾಳೆ ತಟ್ಟಿಸಿದವರಿಗೆ ಚಪ್ಪಾಳೆ ತಪ್ಪಾಯಿತೆಂದು ಹೇಳುವುದು ಹೇಗೆ? ಸಿ.ಆರ್.ಪಿ. ಹೇಳಲಿಲ್ಲ, "ಸಂಜೆ ಅವನೊಬ್ಬನನ್ನೇ ಕೂರಿಸಿಕೊಂಡು ಕೊನೇ ಸಾಲಿನಿಂದ ಓದಿಸಿ ನೋಡಿ ಮೇಡಂ, ಏನು ಕಾಣುತ್ತೋ ನನಗೂ ತಿಳಿಸಿ" ಎಂದಷ್ಟೇ ಹೇಳಿ ಎದ್ದರು. ತಾನೇ ಕಂಡದ್ದು ಬೇರೆಯವರು ಹೇಳಿದ್ದಕ್ಕಿಂತ ಆಳವಾಗಿ ನಾಟುತ್ತದೆ. 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಯುತ್ತ ಬಂದಿರುವ 'ಅಸರ್' ಸಮೀಕ್ಷೆಯವರೂ ಮಾಡುವುದು ಇದನ್ನೇ. ತರಗತಿಯಲ್ಲಿ ಸಾಮೂಹಿಕವಾಗಿ ಅಲ್ಲ, ಮನೆಯ ಬಾಗಿಲಲ್ಲಿ ಒಂದೊಂದೇ ಮಗುವಿನ ಮುಂದೆ ಒಂದು ಹಾಳೆ ಹಿಡಿದು, ಅಕ್ಷರ, ಪದ, ಸಣ್ಣ ವಾಕ್ಯ, ಸಣ್ಣ ಕಥೆ, ಎಲ್ಲಿಯವರೆಗೆ ಓದಬಲ್ಲುದೆಂದು ಕೇಳುತ್ತಾರೆ. ಗುಂಪಿನಲ್ಲಿ ಕೇಳಿಸದ ಮೌನ ಒಂಟಿಯಾಗಿ ಕುಳಿತಾಗ ಕೇಳಿಸುತ್ತದೆ.

ಕನ್ನಡದ ಓದಿಗೆ ಅವಸರವೂ ಸಲ್ಲದು. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ. ನಮ್ಮಲ್ಲಿ ಕಾಗುಣಿತವನ್ನು ಲೆಕ್ಕ ಹಿಡಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಒತ್ತಕ್ಷರಗಳು ಬೇರೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಮಕ್ಕಳ ಅಕ್ಷರಜ್ಞಾನವು ಇಂಗ್ಲಿಷ್ ಮಕ್ಕಳಂತೆ ಮೊದಲ ವರ್ಷದಲ್ಲೇ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ತೋರಿಸಿದರು. ಮೂರನೆಯ ತರಗತಿಯ ಮಗು ಒತ್ತಕ್ಷರದ ಬಳಿ ತಡೆದು ನಿಂತರೆ ಅದು ದಡ್ಡತನವಲ್ಲ. ಲಿಪಿಯೇ ಅಷ್ಟು ವಿಸ್ತಾರವಾಗಿದೆ.

ಇದು ಹಳ್ಳಿಯ ಶಾಲೆಗಷ್ಟೇ ಸೇರಿದ ಸಂಗತಿಯೆಂದು ಪಟ್ಟಣದ ಗೃಹಸ್ಥರು ಪುಟ ತಿರುವಬೇಕಾಗಿಲ್ಲ. ಸಂಜೆ ಕಚೇರಿಯಿಂದ ಬಂದ ತಂದೆ ಕಾಫಿ ಕುಡಿಯುತ್ತ, ಮಗನನ್ನು ಎದುರಿಗೆ ನಿಲ್ಲಿಸಿ ಕನ್ನಡ ಪಾಠ ಓದಿಸುವ ದೃಶ್ಯ ಬಸವನಗುಡಿಯಲ್ಲೂ ಉಂಟು, ಸರಸ್ವತೀಪುರದಲ್ಲೂ ಉಂಟು. ಹುಡುಗ 'ಶಂಕರ'ನನ್ನು 'ಸಂಕರ' ಎನ್ನುತ್ತಲೇ ತಂದೆಯ ಹುಬ್ಬು ಗಂಟಾಗುತ್ತದೆ. ಹತ್ತು ಸಾಲಿಗೆ ಹದಿನೈದು ಸಲ ತಡೆಯಾದ ಮೇಲೆ ಮಗ ಪುಸ್ತಕವನ್ನಲ್ಲ, ತಂದೆಯ ಹುಬ್ಬನ್ನೇ ಓದತೊಡಗುತ್ತಾನೆ. ಅಡಿಗೆಮನೆಯಿಂದ ಅಜ್ಜಿ "ಕಥೆ ಏನಾಯ್ತಪ್ಪ, ಆ ನರಿ ಸಿಕ್ಕಿಬಿತ್ತಾ?" ಎಂದು ಕೂಗಿ ಕೇಳಿದರೆ, ಆ ಮನೆಯಲ್ಲಿ ಓದು ಕಲಿಸಬಲ್ಲವರು ಆಕೆಯೇ ಎನ್ನಬೇಕು.

ಅಂದು ಸಿ.ಆರ್.ಪಿ. ನೋಡಿದ ಕೊರತೆಗಳು ಇನ್ನೂ ನಾಲ್ಕಾರು ಇದ್ದವು. ಅವುಗಳಲ್ಲಿ ಮುಖ್ಯವಾದದ್ದು ಸರದಿಯ ಓದು. ಐದು ಮಕ್ಕಳು ಒಬ್ಬರಾದ ಮೇಲೊಬ್ಬರಂತೆ ಓದಿದರೆ ಇಪ್ಪತ್ತು ನಿಮಿಷದಲ್ಲಿ ಒಂದೊಂದು ಮಗು ಓದುವುದು ಹೆಚ್ಚೆಂದರೆ ನಾಲ್ಕು ನಿಮಿಷ. ಉಳಿದ ಹದಿನಾರು ನಿಮಿಷ ಕೇಳುತ್ತ, ಆಕಳಿಸುತ್ತ, ಮುಂದಿನವರ ಜಡೆ ಎಳೆಯುತ್ತ ಕೂರುವುದು. ಕಿವಿಯಿಂದ ಕಲಿಯುವವನಿಗೆ ಅದೇ ಆಶ್ರಯ. ಐವರೂ ತಮ್ಮ ತಮ್ಮ ಕಾರ್ಡನ್ನು ಮೆಲ್ಲನೆ ಗುಣುಗುಟ್ಟಿಕೊಂಡು ಏಕಕಾಲಕ್ಕೆ ಓದುತ್ತಿದ್ದು, ಉಪಾಧ್ಯಾಯಿನಿ ಒಬ್ಬೊಬ್ಬರ ಬಳಿಗೆ ಬಾಗಿ ಕಿವಿಗೊಟ್ಟರೆ ಇಪ್ಪತ್ತೂ ನಿಮಿಷ ಐವರಿಗೂ ದಕ್ಕುತ್ತದೆ. ಇದನ್ನು ಅವರು ಬಲ್ಲರು. ಆದರೆ ಒಂದೇ ದಿನ ಆರು ತಪ್ಪುಗಳನ್ನು ಎಣಿಸಿಕೊಟ್ಟರೆ ಉಪಾಧ್ಯಾಯಿನಿಗೆ ಆರೂ ಮರೆತುಹೋಗಿ ಅವಮಾನವೊಂದೇ ನೆನಪಿನಲ್ಲಿ ಉಳಿಯುತ್ತದೆಂಬುದನ್ನೂ ಬಲ್ಲರು. ನೋಡಿದ್ದನ್ನೆಲ್ಲ ಹೇಳದೆ ಚೀಲದಲ್ಲಿಟ್ಟುಕೊಂಡು ಹೋಗುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಪ್ರಯಾಸದ ಭಾಗವೆಂದು ತೋರುತ್ತದೆ. ಬಾಯಿಗೆ ಬಂದ ಬುದ್ಧಿಮಾತನ್ನು ನುಂಗುವುದು ಕಹಿ ಕಷಾಯ ನುಂಗಿದಂತೆಯೇ.

ಹದಿನೈದು ದಿನಗಳಾದ ಮೇಲೆ ಅವರು ಮತ್ತೆ ಬಂದಾಗ ಉಪಾಧ್ಯಾಯಿನಿ ಪುಸ್ತಕ ತೆರೆದಿಡಲಿಲ್ಲ. ಹುಡುಗನನ್ನು ಅವರೇ ಪರೀಕ್ಷಿಸಿದ್ದರು; ಒತ್ತಕ್ಷರದ ಮಾತು ಹಾಗಿರಲಿ, ಕಾಗುಣಿತದಲ್ಲೇ ಅವನು ಸಿಕ್ಕಿಕೊಂಡಿದ್ದನು. ಏಣಿಯಲ್ಲಿ ಅವನನ್ನು ಕೆಳಕ್ಕೆ ಇಳಿಸಿದ್ದಾಯಿತು. ಮರುದಿನವೇ ಅವನ ತಾಯಿ ರಾಗಿ ಹೊಲದಿಂದ ನೇರವಾಗಿ ಬಂದು, "ಮೊನ್ನೆ ಚಪ್ಪಾಳೆ ತಟ್ಟಿಸ್ದೋರು ಇವತ್ಯಾಕವ್ವ ಇಂದಕ್ಕೆ ಕೂರ್ಸಿದ್ದೀರಿ?" ಎಂದು ಕೇಳಿದ್ದಳು. ಆಕೆಗೆ ಉತ್ತರ ಹೇಳುವುದು ಸಾಹೇಬರಿಗೆ ಉತ್ತರ ಹೇಳುವುದಕ್ಕಿಂತ ಕಷ್ಟವಾಯಿತೆಂದು ಉಪಾಧ್ಯಾಯಿನಿ ಹೇಳಿದರು. ಹುಡುಗಿಯ ವಿಷಯ ಕೇಳಿದರೆ, ಅವಳೀಗ ಮುಂದಿನ ಮೈಲಿಗಲ್ಲಿನಲ್ಲಿದ್ದಳು. ಹ-ಕಾರ ಇನ್ನೂ ಬಂದಿರಲಿಲ್ಲ.

"ಒಬ್ಬೊಬ್ಬರದೇ ಓದು ಕೇಳಬೇಕು ಅಂತ ಈಗ ನನಗೂ ಅನ್ನಿಸುತ್ತೆ ಸಾರ್. ಆದರೆ ನಾನು ಹಿಂಗೆ ಬಗ್ಗಿ ಕೂತರೆ ಆ ನಾಲ್ಕು ಗುಂಪು ನೋಡೋರು ಯಾರು? ಬಂದಿದ್ದೀರಲ್ಲ, ಅರ್ಧ ಗಂಟೆ ನೀವೇ ನೋಡಿ, ನಾನು ಈ ಐದು ಜನದ ಓದು ಕೇಳ್ತೀನಿ."

ಸಿ.ಆರ್.ಪಿ. ಹಾಳೆ, ಪೆನ್ಸಿಲನ್ನು ಉಪಾಧ್ಯಾಯಿನಿಯ ಕೈಗೆ ಕೊಟ್ಟು ಎದ್ದರು. ಐದು ನಿಮಿಷ ಕಳೆಯುವಷ್ಟರಲ್ಲಿ ಇಪ್ಪತ್ತಮೂರು ಮಕ್ಕಳು 'ಸಾರ್ ನಂದು ನೋಡಿ, ಸಾರ್ ಇವನು ನನ್ನ ಕಾರ್ಡು ಕಿತ್ಕೊಂಡ' ಎಂದು ಅವರ ಅಂಗಿಯ ತುದಿ ಹಿಡಿದಿದ್ದರು. ಆ ಕಡೆಯ ಚಾಪೆಯ ಮೇಲೆ ಉಪಾಧ್ಯಾಯಿನಿ ಒಂದು ಮಗುವಿನ ಬಾಯಿಯ ಹತ್ತಿರ ಕಿವಿಯಿಟ್ಟು, ತಲೆಯೆತ್ತದೆ, ಗೀಟು ಹಾಕುತ್ತಿದ್ದರು.